ಬೆಚ್ಚಗಿನ ಕಡೆ

ಜನವರಿ ೯

ಔಷಧಿ ಅಂಗಡಿಯವನು ಈ ಡೈರಿ ಪುಕ್ಕಟೆ ಕೊಟ್ಟ. ಅಷ್ಟೊಂದು ಮಾತ್ರೆ ಕೊಂಡವನನ್ನು ಬರಿಗೈಯಲ್ಲಿ ಕಳಿಸುವುದು ಹೇಗೆ ಅನ್ನಿಸಿರಬೇಕು. ಮನೆಗೆ ಬಂದು ನೋಡಿದರೆ ಹೋದ ವರ್ಷದ್ದು. ತಾರೀಖು ಸರಿ ಇದೆ, ವಾರ ತಪ್ಪು.

ಅಪ್ಪನ ಜ್ವರ, ಊಟ, ನೋವು ದಿನಾ ಬರೆದಿಡು ಅಂತ ಡಾಕ್ಟರಮ್ಮ ಹೇಳಿದ್ದಾರೆ. ಅದನ್ನು ಹಿಂದಿನ ಪುಟಗಳಲ್ಲಿ ಬರೆಯುತ್ತೇನೆ. ಮುಂದಿನ ಪುಟ ನನಗೆ. ಹತ್ತನೇ ಕ್ಲಾಸ್ ಪರೀಕ್ಷೆ ಆದಮೇಲೆ ನಾನು ಸಹಿ ಬಿಟ್ಟು ಬೇರೆ ಏನೂ ಬರೆದವನಲ್ಲ. ಕೈ ನೋಯುತ್ತಿದೆ.

ಅಪ್ಪನಿಗೆ ಬಂದಿರುವುದು ಕ್ಯಾನ್ಸರ್. ಲಿವರ್ ಒಳಗಿನ ರಕ್ತನಾಳದ ಗೋಡೆಯಲ್ಲಿ ಹುಟ್ಟುವಂಥದ್ದು. "ನನ್ನ ಸರ್ವಿಸಲ್ಲಿ ಇದು ಎರಡನೇದು. ತುಂಬಾ ಅಪರೂಪ" ಅಂದರು ಡಾಕ್ಟರಮ್ಮ. ಆಪರೇಷನ್ ಮಾಡುವ ಹಂತ ದಾಟಿದೆಯಂತೆ. ಅಮ್ಮ ವಾಪಸ್ ಬರುವಾಗ ಬಸ್ಸಿನಲ್ಲಿ ಕಿಟಕಿ ಕಡೆ ತಿರುಗಿಕೊಂಡು, "ಬರೋದು ಬಂತು, ಎಲ್ಲರಿಗೂ ಬರೋವಂಥದ್ದೇ ಬರಬಾರದಿತ್ತಾ. ಔಷಧಿನಾದ್ರೂ ಗೊತ್ತಿರ್ತಿತ್ತು" ಅಂದಳು.

ಅಪ್ಪ ಸೈನ್ಯದಲ್ಲಿ ಇದ್ದವರು. ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಪೆಟ್ಟಿಗೆ ಹೊತ್ತು ಮನೆಗೆ ಬಂದರು. ಅದಕ್ಕೆ ಮುಂಚಿನದು ಒಂದು ಮಾತೂ ಹೇಳಿದ್ದಿಲ್ಲ.

ಬಕೇಟು ಫೋನ್ ಮಾಡಿದ್ದ. ನನ್ನ ಜೊತೆ ಓದಿದವನು, ಸ್ಕೂಲಲ್ಲಿ ಇಟ್ಟ ಹೆಸರು ಅದು. ಈಗ ಹಡಗಿನಲ್ಲಿ ಕೆಲಸ. "ಜಾಗ ಖಾಲಿ ಇದೆ, ಬರ್ತೀಯೇನೋ?" ಅಂದ. ಬರುತ್ತೇನೆ ಅಂದೆ. ಅಪ್ಪನದು ಒಂದು ದಾರಿಗೆ ಬರಲಿ ಅಂದೆ. ಅದು ಯಾವ ದಾರಿ ಅಂತ ಇಬ್ಬರಿಗೂ ಗೊತ್ತಿತ್ತು.

ಜನವರಿ ೧೮

ಹೊಸ ಕೆಲಸಕ್ಕೆ ಸೇರಿದ್ದೇನೆ. ಲಿಫ್ಟ್ ರಿಪೇರಿ. ನಮ್ಮ ಮೇಸ್ತ್ರಿ ನನ್ನನ್ನು ಗಾಳಿಪಟ ಅಂತ ಕರೆಯುತ್ತಾರೆ. "ಟೈರ್ ಅಂಗಡಿ ಬಿಟ್ಟೆ, ಪ್ರೆಸ್ ಬಿಟ್ಟೆ, ಪೇಂಟ್ ಬಿಟ್ಟೆ. ಇಲ್ಲಿ ಎಷ್ಟು ದಿನಾನಯ್ಯ?" ಅಂದರು ಮೊದಲ ದಿನವೇ. "ನೋಡೋಣ" ಅಂದೆ. "ಲಿಫ್ಟೂ ನಿನ್ನ ಹಾಗೇ ಕಣೋ. ದಿನವಿಡೀ ಓಡಾಟ, ಹೋಗೋದು ಎಲ್ಲಿಗೂ ಇಲ್ಲ."

ಇವತ್ತು ಒಂದು ಹಳೆ ಕಟ್ಟಡದ ಲಿಫ್ಟಿನ ವೈರೆಲ್ಲ ಬಿಚ್ಚಿದೆವು. ಹಳೆ ವೈರು ನಮಗೇ ಬಿಟ್ಟದ್ದು. ಒಳಗಿನ ತಾಮ್ರಕ್ಕೆ ಒಳ್ಳೆ ರೇಟಿದೆ. ವರ್ಕ್‌ಶಾಪ್ ಹಿಂದೆ ತಗಡಿನ ಡ್ರಮ್ಮಿನಲ್ಲಿ ಹಾಕಿ ಸೀಮೆಎಣ್ಣೆ ಸುರಿದು ಬೆಂಕಿ ಕೊಟ್ಟರೆ ಪ್ಲಾಸ್ಟಿಕ್ಕೆಲ್ಲ ಉರಿದು ತಾಮ್ರ ಉಳಿಯುತ್ತದೆ. ಚಾಕುವಿನಲ್ಲಿ ಸುಲಿಯುತ್ತ ಕೂತರೆ ಇಡೀ ದಿನ ಬೇಕು, ಬೆಂಕಿಗಾದರೆ ಒಂದು ಟೀ ಕುಡಿಯುವಷ್ಟು ಹೊತ್ತು. ನನಗೆ ಹೇಳಿ ಮಾಡಿಸಿದ ಕೆಲಸ. ಚಳಿ ಬೇರೆ ಇತ್ತು, ಡ್ರಮ್ಮಿನ ಪಕ್ಕ ಕೈ ಕಾಯಿಸಿಕೊಂಡು ನಿಂತೆವು.

ಫೆಬ್ರವರಿ ೩

ಟಿವಿಯಲ್ಲಿ ಒಂದು ಸುದ್ದಿ. ಸೈನ್ಯದಿಂದ ಬಂದವರಿಗೆ ಅಪರೂಪದ ಕ್ಯಾನ್ಸರ್ ಜಾಸ್ತಿ ಬರುತ್ತಿದೆಯಾ, ಬಂದರೆ ಯಾಕೆ ಅಂತ ಅಧ್ಯಯನ ಮಾಡಿಸಲು ಒಬ್ಬ ಸದಸ್ಯೆ ಸದನದಲ್ಲಿ ಮಸೂದೆ ತಂದಿದ್ದಾರೆ. ಯಾರು ಎಲ್ಲಿ ಕೆಲಸ ಮಾಡಿದರು, ಏನು ಉಸಿರಾಡಿದರು, ಯಾವ ರೋಗ ಬಂತು, ಎಲ್ಲ ಒಂದು ಕಡೆ ಸೇರಿಸುತ್ತಾರಂತೆ. ಅದಕ್ಕೊಂದು ಸಮಿತಿ. ಸಮಿತಿಯವರು ನಮ್ಮ ಊರಿಗೂ ಬರುತ್ತಾರೆ.

ಅಮ್ಮ ಸದ್ದು ಜೋರು ಮಾಡಿದಳು. ಅಪ್ಪ ರಿಮೋಟ್ ಕಿತ್ತುಕೊಂಡು ಟಿವಿ ಆರಿಸಿದರು.

ಫೆಬ್ರವರಿ ೬

ಡಾಕ್ಟರಮ್ಮನೇ ಆ ವಿಷಯ ತೆಗೆದರು. ಮಸೂದೆಯಲ್ಲಿ ಒಂದು ಜಗಳ ಇದೆಯಂತೆ. ಶಿಬಿರಗಳಲ್ಲಿ ಕಸ ಸುಡುತ್ತಿದ್ದ ಗುಂಡಿಗಳನ್ನು ಅಧ್ಯಯನಕ್ಕೆ ಸೇರಿಸಬೇಕು ಅಂತ ಕೆಲವರು. ಅಂಥ ಗುಂಡಿಗಳೇ ಇರಲಿಲ್ಲ ಅಂತ ರಕ್ಷಣಾ ಇಲಾಖೆಯವರು. ಅಲ್ಲಿ ಕೆಲಸ ಮಾಡಿದವನು ಒಬ್ಬನಾದರೂ ಸಮಿತಿ ಎದುರು ನಿಂತು ಹೇಳದಿದ್ದರೆ ಅದನ್ನು ಬಿಟ್ಟೇ ಮಸೂದೆ ಮುಂದೆ ಹೋಗುತ್ತದೆ.

"ನಿಮಗೆ ಅಂಥದ್ದೇನಾದ್ರೂ ಗೊತ್ತಾ?" ಅಂತ ಅಪ್ಪನನ್ನು ಕೇಳಿದರು.

"ನನ್ನ ಕೆಲಸ ನಾನು ಮಾಡ್ದೆ ಡಾಕ್ಟ್ರೇ."

"ಏನು ಕೆಲಸ?"

"ಹೇಳಿದ ಕೆಲಸ."

ಆಟೋದಲ್ಲಿ ನಾನು ಕೆದಕಿದೆ. "ಉಂಡ ಮನೆಗೆ ಎರಡು ಬಗೆಯೋ ವಂಶ ಅಲ್ಲ ನಮ್ಮದು" ಅಂದರು.

ಫೆಬ್ರವರಿ ೧೧

ಇವತ್ತು ಅಪ್ಪ ನನ್ನ ಮೇಲೆ ಕೈ ಎತ್ತಿದರು. ಎತ್ತಿದ ಕೈ ಕೆಳಗಿಳಿಸಲು ಅವರಿಗೇ ಆಗಲಿಲ್ಲ, ನಾನು ಹಿಡಿದುಕೊಳ್ಳಬೇಕಾಯಿತು.

ಸಂಜೆ ಕೆಲಸದಿಂದ ಬಂದು ಅವರಿಗೆ ದಿಂಬು ಸರಿ ಮಾಡಲು ಬಗ್ಗಿದೆ. ನನ್ನ ಅಂಗಿಯ ವಾಸನೆ ಮೂಗಿಗೆ ಬಿದ್ದದ್ದೇ ತಡ, ಮುಖ ಬೇರೆಯಾಯಿತು.

"ಏನು ಸುಟ್ಟೆ?"

"ವೈರು. ತಾಮ್ರಕ್ಕೆ."

"ಎಷ್ಟು ದಿನದಿಂದ?"

"ಸೇರಿದಾಗಿಂದ. ಎಲ್ಲರೂ ಸುಡ್ತಾರಪ್ಪ, ಅದಕ್ಕೇನೀಗ..."

ಕೈ ಎತ್ತಿದ್ದು ಆಗಲೇ. ಅಮ್ಮ ಓಡಿ ಬಂದಳು. ಅಪ್ಪನಿಗೆ ಉಸಿರು ಕಟ್ಟುತ್ತಿತ್ತು, ಆದರೂ ನನ್ನ ಅಂಗಿ ಬಿಡಲಿಲ್ಲ. "ಬಿಚ್ಚು. ಬಿಚ್ಚಿ ಹೊರಗೆ ಎಸಿ. ಅಲ್ಲಿ ನಿಂತು ಕೈ ಕಾಯಿಸ್ಕೊಂಡ್ಯಾ? ನಿಜ ಹೇಳು, ಬೆಚ್ಚಗಿತ್ತು ಅಂತ ನಿಂತ್ಕೊಂಡ್ಯಾ?"

ಹೌದು ಅಂದೆ. ಅಪ್ಪ ಅತ್ತರು. ಅವರು ಅಳುವುದನ್ನು ನಾನು ನೋಡಿರಲಿಲ್ಲ. ಎಲ್ಲಿ ನೋಡಬೇಕು ಅಂತ ತಿಳಿಯದೆ ಫ್ಯಾನ್ ನೋಡುತ್ತ ನಿಂತೆ.

ಫೆಬ್ರವರಿ ೧೨

ಕೆಲಸಕ್ಕೆ ಹೋಗಲಿಲ್ಲ. ಬೆಳಿಗ್ಗೆ ಅಪ್ಪನೇ ಶುರು ಮಾಡಿದರು. ತಡೆತಡೆದು ಹೇಳಿದ್ದನ್ನು ನಾನು ಸಾಲಾಗಿ ಬರೆಯುತ್ತೇನೆ.

ಎತ್ತರದ ಜಾಗದಲ್ಲಿ ಶಿಬಿರ. ಕೊರೆಯುವ ಚಳಿ. ಕಸ ಸಾಗಿಸಲು ದಾರಿ ಇಲ್ಲ, ಅದಕ್ಕೆ ದೊಡ್ಡ ಗುಂಡಿ ತೋಡಿ ಎಲ್ಲವನ್ನೂ ಸುಡುತ್ತಿದ್ದರು. ಬ್ಯಾಟರಿ, ಟೈರು, ಪೇಂಟ್ ಡಬ್ಬಿ, ಔಷಧಿ ಬಾಟಲಿ, ಗಾಯದ ಬಟ್ಟೆ, ವೈರು. ಮೇಲೆ ಡೀಸೆಲ್. ಚಳಿಗಾಲವಿಡೀ ಆ ಬೆಂಕಿ ಆರುತ್ತಿರಲಿಲ್ಲ. ಗುಂಡಿಯ ಉಸ್ತುವಾರಿ ಅಪ್ಪನದು. ಯಾರು ಯಾವ ಡೇರೆಯಲ್ಲಿ ಮಲಗಬೇಕು ಅನ್ನುವುದೂ ಅಪ್ಪನದೇ.

ಗಾಳಿ ಒಂದೇ ಕಡೆ ಬೀಸುತ್ತಿತ್ತು. ಹೊಗೆ ಹೋಗುವ ಕಡೆಯ ನೆಲ ಕಾದ ಹೆಂಚಿನ ಹಾಗೆ ಇರುತ್ತಿತ್ತಂತೆ. ಅದಕ್ಕೆ ಬೆಚ್ಚಗಿನ ಕಡೆ ಅಂತ ಹೆಸರು. ಅಲ್ಲಿ ಮಲಗಲು ಎಲ್ಲರಿಗೂ ಆಸೆ. ಅಪ್ಪ ಸುಮ್ಮನೆ ಕೊಡುತ್ತಿರಲಿಲ್ಲ. ಜ್ವರ ಬಂದವನಿಗೆ, ಚೆನ್ನಾಗಿ ದುಡಿದವನಿಗೆ, ಮನೆಯಲ್ಲಿ ಸಾವಾದ ಸುದ್ದಿ ಬಂದವನಿಗೆ ಕೊಡುತ್ತಿದ್ದರು. ತಾವು ಮಾತ್ರ ತಣ್ಣನೆ ಕಡೆ. ಉಸ್ತುವಾರಿಯವನೇ ಒಳ್ಳೆ ಜಾಗ ಹಿಡಿದ ಅನ್ನುವ ಮಾತು ಬರಬಾರದಲ್ಲ.

ಅಡುಗೆಮನೆಗೆ ಸಹಾಯಕ್ಕೆ ಒಬ್ಬನಿದ್ದ, ಎಲ್ಲರಿಗಿಂತ ಚಿಕ್ಕವನು. ಅವನಿಗೆ ಚಳಿರಾಯ ಅಂತಲೇ ಹೆಸರು. ಹಲ್ಲು ಕಟಕಟ ಅನ್ನುವ ಸದ್ದಿಗೆ ಪಕ್ಕದವರಿಗೆ ನಿದ್ದೆ ಇಲ್ಲ. ಅಪ್ಪ ಅವನಿಗೆ ಗುಂಡಿಗೆ ಅಂಟಿಕೊಂಡಿದ್ದ ಜಾಗವನ್ನು ಇಡೀ ಚಳಿಗಾಲಕ್ಕೆ ಬಿಟ್ಟುಕೊಟ್ಟರು. "ಅಣ್ಣಾ, ನೀನು ದೇವರು ಅಂತಿದ್ದ ಕಣೋ. ಬೆಳಿಗ್ಗೆ ಎದ್ದು ಕೆಮ್ಮಿದ್ರೆ ಕರ್‍ರಗೆ ಬೀಳೋದು. ನೋಡ್ಕೊಂಡು ನಗ್ತಿದ್ವಿ, ಇಬ್ರೂ."

ಸಮಿತಿ ಮುಂದೆ ಹೋಗಿ ಇದನ್ನೇ ಹೇಳಿ ಅಂದೆ.

"ಹೇಳಿದ್ರೆ, ಆ ಕಡೆ ಯಾರನ್ನ ಮಲಗಿಸಿದ್ದೆ ಅಂತ ಕೇಳ್ತಾರೆ." ಗೋಡೆ ಕಡೆ ತಿರುಗಿದರು. "ಚಳಿರಾಯನ್ನ ಹುಡುಕು. ಹೆಂಗಿದ್ದಾನೆ ನೋಡ್ಕೊಂಡು ಬಾ. ಆಮೇಲೆ ಹೇಳ್ತೀನಿ, ಹೋಗ್ತೀನೋ ಇಲ್ವೋ ಅಂತ" ಅಂದರು.

ಫೆಬ್ರವರಿ ೧೩

ವರ್ಕ್‌ಶಾಪಿನಲ್ಲಿ ಡ್ರಮ್ಮಿನ ಹತ್ತಿರ ಹೋಗಲಿಲ್ಲ. ಚಾಕು ತಗೊಂಡು ಸುಲಿಯುತ್ತ ಕೂತೆ. "ಏನಯ್ಯಾ, ಈರುಳ್ಳಿ ಹೆಚ್ಚೋಕೆ ಕೂತ ಹಾಗೆ ಕೂತಿದ್ದೀಯಾ?" ಅಂದರು ಮೇಸ್ತ್ರಿ. ಬೆರಳು ಕುಯ್ದುಕೊಂಡೆ. ಬಕೇಟು ಎರಡು ಸಲ ಫೋನ್ ಮಾಡಿದ್ದಾನೆ.

ಫೆಬ್ರವರಿ ೨೪

ಪಿಂಚಣಿ ಕಚೇರಿಯಲ್ಲಿ ಅಪ್ಪನ ಹಳೆ ಪರಿಚಯದವರೊಬ್ಬರು ವಿಳಾಸ ಕೊಟ್ಟರು. ಎರಡು ಬಸ್ಸು ಬದಲಿಸಿ ಹೋದೆ. ಓಣಿಯ ಕೊನೆಯಲ್ಲಿ ಒಂದು ಚಿಕ್ಕ ಮನೆ. ಬಾಗಿಲು ತೆಗೆದದ್ದು ಚಳಿರಾಯನ ಹೆಂಡತಿ. ನಾನು ಚಿಕ್ಕಮ್ಮ ಅಂದೆ, ಅವರೂ ಯಾರು ಏನು ಅಂತ ಕೇಳುವ ಮೊದಲೇ "ಬಾ ಮಗ" ಅಂದರು.

ಚಳಿರಾಯ ಹೋಗಿ ನಾಲ್ಕು ವರ್ಷ ಆಗಿದೆ.

"ಲಿವರ್ ಅಂದ್ರು. ಕುಡ್ದು ಕುಡ್ದು ಹಿಂಗಾಗಿದೆ ಅಂದ್ರು ಆಸ್ಪತ್ರೇಲಿ. ಒಂದು ತೊಟ್ಟು ಮುಟ್ಟಿದೋರಲ್ಲ ನಮ್ಮನೆಯೋರು. ಯಾರು ನಂಬ್ತಾರೆ? ಎದುರುಮನೆಯೋಳು ಸಾವಿನ ದಿನ ಬಂದು, ಕುಡಿಯೋರ ಕಥೆ ಎಲ್ಲಾ ಇಷ್ಟೇ ಬಿಡಮ್ಮ ಅಂದ್ಲು. ನನ್ನ ಮುಖದ ಮೇಲೇ."

ನಾನು ಬಾಗಿಲ ಹತ್ತಿರದ ಸ್ಟೂಲಿನ ತುದಿಯಲ್ಲಿ ಕೂತಿದ್ದೆ. ಯಾರ ಮಗ ಅಂತ ಹೇಳಿದೆ. ಅವರ ಮುಖ ಅರಳಿತು. ಅದನ್ನು ನೋಡಲು ನನ್ನಿಂದ ಆಗಲಿಲ್ಲ.

"ಅಯ್ಯೋ, ನಿಮ್ಮಪ್ಪನ ಹೆಸರು ಹೇಳದ ದಿನ ಇಲ್ಲ ನಮ್ಮೋರು. ಆ ಚಳೀಲಿ ನನಗೆ ಬೆಚ್ಚಗಿನ ಜಾಗ ಕೊಟ್ಟ ಪುಣ್ಯಾತ್ಮ ಕಣೇ, ಇಲ್ದಿದ್ರೆ ಅಲ್ಲೇ ಸೆಟೆದು ಹೋಗ್ತಿದ್ದೆ ಅಂತಿದ್ರು. ಹೆಂಗಿದ್ದಾರೆ ನಿಮ್ಮಪ್ಪ?"

"ಸ್ವಲ್ಪ ಹುಷಾರಿಲ್ಲ" ಅಂದೆ. ಟೀ ಇಡಲು ಒಳಗೆ ಹೋದರು. ಬಸ್ಸು ತಪ್ಪುತ್ತೆ ಅಂತ ಕೂಗಿ ಹೇಳಿ ಹೊರಟುಬಿಟ್ಟೆ. ಬಸ್ಸು ಇನ್ನೂ ಬಂದಿರಲಿಲ್ಲ.

ಮನೆಗೆ ಬಂದೆ. ಅಪ್ಪ ಬಾಗಿಲನ್ನೇ ನೋಡುತ್ತಿದ್ದರು. "ಸಿಕ್ಕಿದ್ನಾ?"

"ಸಿಕ್ಕಿದ್ರು. ಆರಾಮಾಗಿದ್ದಾರೆ. ಗುಂಡುಕಲ್ಲಿನ ಹಾಗಿದ್ದಾರೆ. ನಿಮ್ಮನ್ನ ಕೇಳಿದ್ರು."

ಯಾಕೆ ಹಾಗೆ ಹೇಳಿದೆ ಅಂತ ನನಗೇ ಗೊತ್ತಿಲ್ಲ. ಬಾಯಿಗೆ ಬಂತು. ಅಪ್ಪ ತುಂಬ ದಿನಗಳ ಮೇಲೆ ಒಂದು ಬಟ್ಟಲು ಗಂಜಿ ಪೂರ್ತಿ ಕುಡಿದರು. "ಏನಂದ್ಯೋ ಮಾರಾಯ ನೀನು ಅವರಿಗೆ?" ಅಂತ ಅಮ್ಮ ನನ್ನ ಬೆನ್ನು ತಟ್ಟಿದಳು.

ಫೆಬ್ರವರಿ ೨೮

ಅಪ್ಪ ಗೆಲುವಾಗಿದ್ದಾರೆ. ಚಳಿರಾಯನ ಜೋಕು ಒಂದೊಂದೇ ಹೇಳುತ್ತಾರೆ. ಒಮ್ಮೆ ಪಾತ್ರೆ ತೊಳೆಯುವ ಚಳಿಗೆ ಹೆದರಿ ಎಲ್ಲರಿಗೂ ಒಂದೇ ತಟ್ಟೆಯಲ್ಲಿ ಬಡಿಸಿದ್ದನಂತೆ. "ಹೆಂಗೋ, ಈಗಲೂ ಕೋಟು ಹಾಕ್ಕೊಂಡೇ ಇದ್ನಾ?"

"ಹೂಂ, ಎರಡು."

ಅಪ್ಪ ನಕ್ಕರು. ಕೆಮ್ಮು ಬಂತು.

ಮಾರ್ಚ್ ೩

ಸಮಿತಿ ಬರುವ ದಿನ ಗೊತ್ತಾಯಿತು, ಹದಿನೇಳನೇ ತಾರೀಖು. ಆಟೋ ಹೇಳಲಾ ಅಂತ ಕೇಳಿದೆ.

"ಯಾತಕ್ಕೆ?" ಅಂದರು ಅಪ್ಪ. "ನಾನು ಯೋಚನೆ ಮಾಡ್ದೆ ಕಣೋ. ಚಳಿರಾಯನಷ್ಟು ಹೊಗೆ ಕುಡಿದೋನು ಆ ಶಿಬಿರದಲ್ಲೇ ಯಾರೂ ಇಲ್ಲ. ಅವನೇ ಗುಂಡುಕಲ್ಲಿನ ಹಾಗಿದ್ದಾನೆ ಅಂದ್ರೆ ಆ ಗುಂಡೀದೇನೂ ತಪ್ಪಿಲ್ಲ. ನನ್ನದು ನನ್ನ ಹಣೆಬರಹ. ಅಲ್ಲಿ ಹೋಗಿ ಇಲ್ಲದ್ದು ಹೇಳಿ ಯಾರ ಮಾನ ಕಳೀಲಿ?"

ಅಮ್ಮ ನನ್ನ ಮುಖ ನೋಡಿದಳು. ನಾನು ನೀರು ಕುಡಿಯಲು ಒಳಗೆ ಹೋದೆ.

ಮಾರ್ಚ್ ೪

ಏನೂ ಇಲ್ಲ ಬರೆಯಲು.

ಮಾರ್ಚ್ ೯

ಬಕೇಟು ಹೇಳಿದ, ಈ ತಿಂಗಳು ಕೊನೆಯೊಳಗೆ ಬರದಿದ್ದರೆ ಜಾಗ ಬೇರೆಯವನಿಗೆ. ಬರುತ್ತೇನೆ ಅಂದೆ. ಫೋನ್ ಇಟ್ಟು ಲಿಫ್ಟಿನ ತಳದ ಗುಂಡಿಗೆ ಇಳಿದೆ. ಅಲ್ಲಿ ಜನ ಎಸೆದದ್ದೆಲ್ಲ ಬಿದ್ದಿರುತ್ತದೆ. ಚಾಕೊಲೇಟ್ ಕವರು, ಸಿಗರೇಟು ತುಂಡು, ಒಂದು ಮಗುವಿನ ಚಪ್ಪಲಿ. ಮೇಲಿಂದ ಮೇಸ್ತ್ರಿ, "ಒಳಗೇ ಮನೆ ಕಟ್ಕೊಂಡ್ಯೇನಯ್ಯಾ?" ಅಂದರು. ಅಲ್ಲಿ ಕೂತು ಯೋಚನೆ ಮಾಡಿದೆ. ಸುಳ್ಳು ಹೇಳಿ ನಾನು ಅಪ್ಪನಿಗೆ ಕೊಟ್ಟದ್ದೂ ಅದೇ, ಬೆಚ್ಚಗಿನ ಜಾಗ.

ಸಂಜೆ ಹೇಳಿಬಿಟ್ಟೆ. ಚಳಿರಾಯ ಹೋಗಿ ನಾಲ್ಕು ವರ್ಷ ಆಯಿತು, ಲಿವರ್, ಕುಡಿತ ಅಂದರಂತೆ ಆಸ್ಪತ್ರೆಯವರು, ಒಂದು ತೊಟ್ಟು ಮುಟ್ಟಿದವರಲ್ಲ ಅಂತಾರೆ ಹೆಂಡತಿ.

ಅಪ್ಪ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಗಂಜಿ ಬಟ್ಟಲು ದೂರ ಸರಿಸಿದರು. "ಅವನ ಹೆಂಡ್ತಿ ನನ್ನ ಬಗ್ಗೆ ಏನಂದ್ಲು?"

ಇದಕ್ಕೂ ಸುಳ್ಳು ಹೇಳಬಹುದಿತ್ತು. "ಪುಣ್ಯಾತ್ಮ ಅಂದ್ರು" ಅಂದೆ.

ಕಣ್ಣು ಮುಚ್ಚಿಕೊಂಡರು. ನಿದ್ದೆ ಬಂತೇನೋ ಅಂತ ದೀಪ ಆರಿಸಲು ಎದ್ದೆ. "ಆಟೋ ಹೇಳು" ಅಂದರು.

ಮಾರ್ಚ್ ೧೭

ವಿಚಾರಣೆ ಇದ್ದದ್ದು ದೊಡ್ಡ ಕಚೇರಿಯ ಐದನೇ ಮಹಡಿಯಲ್ಲಿ. ಆ ಲಿಫ್ಟು ನಮ್ಮದೇ, ಹೋದ ತಿಂಗಳು ರಿಪೇರಿ ಮಾಡಿದ್ದು. ಮೇಸ್ತ್ರಿ ಕೆಲಸ ಬಿಟ್ಟು ಬಂದಿದ್ದರು, ಇಬ್ಬರೂ ಸೇರಿ ಗಾಲಿಕುರ್ಚಿ ಒಳಗೆ ತಳ್ಳಿದೆವು. ಮೇಲೆ ಹೋಗುವಾಗ ಅಪ್ಪ ಗೋಡೆಗೆ ಅಂಗೈ ಇಟ್ಟುಕೊಂಡಿದ್ದರು.

"ಇದು ನೀನು ಮಾಡಿದ್ದಾ?"

"ಬ್ರೇಕು ನಾನೇ ಕೂರಿಸಿದ್ದು. ಮೇಸ್ತ್ರಿ ನೋಡ್ಕೊಂಡ್ರು."

ಐದರಲ್ಲಿ ನಿಂತಿತು. ಒಳಗಿನ ನೆಲ ಹೊರಗಿನ ನೆಲ ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲದೆ ಕೂಡಿದವು. ಕುರ್ಚಿಯ ಗಾಲಿ ಕುಲುಕಲಿಲ್ಲ. "ಅಲುಗಾಡಲ್ಲ" ಅಂದರು ಅಪ್ಪ. ನನ್ನ ಜೀವಮಾನದಲ್ಲಿ ಅವರು ನನ್ನನ್ನು ಹೊಗಳಿದ್ದು ಅದೊಂದೇ ಸಲ. ಹೊಗಳಿದ್ದು ನನ್ನನ್ನೋ ಲಿಫ್ಟನ್ನೋ ಗೊತ್ತಿಲ್ಲ.

ಉದ್ದನೆ ಮೇಜು. ನಡುವೆ ಅಧ್ಯಕ್ಷರು, ಪಕ್ಕದಲ್ಲಿ ಮಸೂದೆ ತಂದ ಸದಸ್ಯೆ, ಆ ತುದಿಯಲ್ಲಿ ಇಲಾಖೆಯ ಅಧಿಕಾರಿ. ಅಧಿಕಾರಿ ಒಳ್ಳೆಯವರ ಹಾಗೇ ಇದ್ದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುವ ಮಾತು.

"ನಮ್ಮ ದಾಖಲೆ ಪ್ರಕಾರ ಆ ಶಿಬಿರದ ಕಸವನ್ನ ಲಾರೀಲಿ ಕೆಳಗೆ ಸಾಗಿಸ್ತಿದ್ರು" ಅಂದರು.

"ಲಾರಿ ಡೀಸೆಲ್ ಗುಂಡಿಗೆ ಸುರೀತಿದ್ವಿ ಸಾರ್" ಅಂದರು ಅಪ್ಪ. "ಲಾರಿ ಹೆಂಗೆ ಹೋಗುತ್ತೆ?"

ಹಿಂದೆ ಯಾರೋ ನಕ್ಕರು. ಅಪ್ಪ ನಗಲಿಲ್ಲ.

"ಅದು ಅಪಾಯ ಅಂತ ನಿಮಗೆ ಗೊತ್ತಿತ್ತಾ?" ಅಧ್ಯಕ್ಷರು ಕೇಳಿದರು.

"ಗೊತ್ತಿದ್ದಿದ್ರೆ ಹುಡುಗ್ರನ್ನ ಅಲ್ಲಿ ಮಲಗಿಸ್ತಿದ್ನಾ?"

"ಮಲಗಿಸೋದು ಅಂದ್ರೆ? ಗುಂಡೀಲಿ ಕೆಲಸ ಮಾಡೋರು ಮಾತ್ರ ಅಲ್ವಾ ಅಲ್ಲಿಗೆ ಹೋಗ್ತಿದ್ದದ್ದು?"

ಆಗ ಅಪ್ಪ ಬೆಚ್ಚಗಿನ ಕಡೆಯ ವಿಷಯ ಹೇಳಿದರು. ಸ್ವರ ಇರಲಿಲ್ಲ, ಮೈಕನ್ನು ನಾನು ಬಾಯಿ ಹತ್ತಿರ ಹಿಡಿದಿದ್ದೆ. ಆ ಜಾಗ ಎಲ್ಲರಿಗೂ ಸಿಗುತ್ತಿರಲಿಲ್ಲ, ತಾನು ಆರಿಸಿ ಕೊಡುತ್ತಿದ್ದೆ, ಒಳ್ಳೆಯವರನ್ನೇ ಆರಿಸುತ್ತಿದ್ದೆ ಅಂದರು. ಆಮೇಲೆ ಹೆಸರುಗಳನ್ನು ಹೇಳಿದರು, ಗುಂಡಿಯ ಕಡೆಯಿಂದ ಹಾಸಿಗೆ ಇದ್ದ ಸಾಲಿನ ಪ್ರಕಾರ. ಆ ಹೆಸರು ಇಲ್ಲಿ ಬರೆಯಲ್ಲ. ಅವರ ಮನೆಯವರಿಗೆ ಗೊತ್ತಿದೆಯೋ ಇಲ್ಲವೋ. ಮೊದಲನೆಯದು ಚಳಿರಾಯನದು.

ಸದಸ್ಯೆ ಬರೆಯುವುದನ್ನು ನಿಲ್ಲಿಸಿ, "ನೀವೆಲ್ಲಿ ಮಲಗ್ತಿದ್ರಿ?" ಅಂತ ಕೇಳಿದರು.

"ತಣ್ಣನೆ ಕಡೆ. ಅದಕ್ಕೇ ಇಷ್ಟು ದಿನ ಬದುಕಿದೀನಿ."

ಮೇಸ್ತ್ರಿ ಹೊರಗೆ ಬಂದು ಬೀಡಿ ತೆಗೆದವರು ಅಪ್ಪನನ್ನು ನೋಡಿ ವಾಪಸ್ ಜೇಬಿಗೆ ಇಟ್ಟರು.

ಮಾರ್ಚ್ ೨೯

ನೋವು ಜಾಸ್ತಿ. ಹಿಂದಿನ ಪುಟ ತುಂಬಿತು. ಅಮ್ಮನೂ ನಾನೂ ಸರದಿ ಮೇಲೆ ಕೂರುತ್ತೇವೆ.

ಅಪ್ಪ ಹೇಳಿದರು, "ನನ್ನ ಸುಡಬೇಡಿ. ಮಣ್ಣಿಗೆ ಹಾಕಿ."

ಏಪ್ರಿಲ್ ೬

ಅಪ್ಪ ಹೋದರು. ಬೆಳಿಗ್ಗೆ, ಅಮ್ಮ ಬಟ್ಟೆ ಒಣಗಿಸಲು ಹೊರಗೆ ಹೋಗಿದ್ದಾಗ. ನಾನು ಪಕ್ಕದಲ್ಲೇ ಇದ್ದೆ.

ಏಪ್ರಿಲ್ ೭

ಮಣ್ಣು ಮಾಡಿದೆವು.

ಮೇ ೨

ಹಿಂದಿನ ಪುಟಗಳಲ್ಲಿ ಬರೆಯಲು ಈಗ ಏನೂ ಇಲ್ಲ. ಆದರೂ ಸಂಜೆ ಆದರೆ ಕೈ ಡೈರಿಗೆ ಹೋಗುತ್ತದೆ. ಅಮ್ಮ ಇನ್ನೂ ಮೂರು ಲೋಟ ಟೀ ಮಾಡುತ್ತಾಳೆ. ಮೂರನೆಯದನ್ನು ನಾನು ಕುಡಿಯುತ್ತೇನೆ.

ಜೂನ್ ೧೯

ಬಕೇಟು ಹೇಳಿದ್ದ ಜಾಗ ಬೇರೆಯವನಿಗೆ ಹೋಯಿತು, ಮತ್ತೆ ಖಾಲಿಯಾದರೆ ಫೋನ್ ಮಾಡುತ್ತಾನಂತೆ.

ಒಂದು ವೈರಿಗೆ ಉದ್ದಕ್ಕೆ ಒಂದೇ ಗೀರು ಹಾಕಿ ಎರಡು ಕಡೆ ಎಳೆದರೆ ಸಿಪ್ಪೆ ಇಡಿಯಾಗಿ ಬರುತ್ತದೆ. ಈಗ ಬೆರಳು ಕುಯ್ದುಕೊಳ್ಳುವುದಿಲ್ಲ. ಮೇಸ್ತ್ರಿಯೂ ಒಂದು ಚಾಕು ತಂದುಕೊಂಡಿದ್ದಾರೆ. ಡ್ರಮ್ಮಿನಲ್ಲಿ ಈಗ ಮಳೆನೀರು. "ಗಾಳಿಪಟಕ್ಕೆ ಯಾರೋ ದಾರ ಕಟ್ಟಿದ್ರಲ್ಲಯ್ಯಾ" ಅಂದರು. ಏನು ಹೇಳಿದರೋ, ನನಗೆ ತಲೆಬುಡ ತಿಳಿಯಲಿಲ್ಲ.

ನವೆಂಬರ್ ೧೪

ಮಸೂದೆ ಪಾಸಾಯಿತು. ಅಮ್ಮ ಟಿವಿ ಹಾಕಲಿಲ್ಲ, ನನ್ನ ಫೋನಿನಲ್ಲಿ ನೋಡಿದೆ.

ಡಾಕ್ಟರಮ್ಮನ ಹತ್ತಿರ ಹೋಗಿದ್ದೆ. ಕಾನೂನು ಅಂದರೆ ಇಷ್ಟೇ ಅಂತ ಬಿಡಿಸಿ ಹೇಳಿದರು. ಇದು ಯಾರಿಗೂ ಔಷಧಿ ಕೊಡುವುದಿಲ್ಲ, ಯಾರಿಗೂ ಶಿಕ್ಷೆ ಕೊಡುವುದಿಲ್ಲ. ಅಧ್ಯಯನ ಅಷ್ಟೇ. ಮುಗಿಯಲು ಎಷ್ಟೋ ವರ್ಷ. ಏನೂ ಗೊತ್ತಾಗಲಿಲ್ಲ ಅಂತ ಮುಗಿದರೂ ಮುಗಿಯಬಹುದು.

"ಗುಂಡಿ ಸೇರಿಸಿದ್ದಾರೆ. ಅದರ ಜೊತೆ, ಮೊದಲು ಯಾರೂ ಕೇಳದೇ ಇದ್ದ ಒಂದು ಮಾತೂ ಇದೆ ನೋಡು" ಅಂತ ಕಂಪ್ಯೂಟರ್ ನನ್ನ ಕಡೆ ತಿರುಗಿಸಿದರು. "ಕಸ ಸುಡುವ ಗುಂಡಿಗಳಲ್ಲಿ ಕೆಲಸ ಮಾಡಿದವರು" ಅಂತ ಇತ್ತು, ಅದರ ಮುಂದೆ "ಮತ್ತು ಅವುಗಳ ಸಮೀಪ ಮಲಗುತ್ತಿದ್ದವರು" ಅಂತ.

ಮಲಗುತ್ತಿದ್ದವರು. ಅಪ್ಪ ಹೇಳಿದ್ದರಲ್ಲಿ ಉಳಿದದ್ದು ಆ ಒಂದು ಪದ. ಎಷ್ಟೋ ಹೊತ್ತು ಅದನ್ನೇ ನೋಡಿದೆ. ಡಾಕ್ಟರಮ್ಮ ಅವಸರ ಮಾಡಲಿಲ್ಲ.

ತೀರಿಕೊಂಡವರನ್ನೂ ಅಧ್ಯಯನಕ್ಕೆ ಸೇರಿಸಬಹುದು. ಆದರೆ ರೋಗದ ಗಡ್ಡೆಯ ಚೂರು ಬೇಕು. ಆಸ್ಪತ್ರೆಯವರು ಪರೀಕ್ಷೆಗೆ ತೆಗೆದ ಚೂರನ್ನು ಮೇಣದಲ್ಲಿ ಕೂರಿಸಿ ಇಟ್ಟಿರುತ್ತಾರಂತೆ. ಅಪ್ಪನದು ಇದೆ. ಚಳಿರಾಯನದೂ ಅವರಿದ್ದ ಆಸ್ಪತ್ರೆಯಲ್ಲಿ ಇದೆಯಂತೆ, ಡಾಕ್ಟರಮ್ಮ ಫೋನ್ ಮಾಡಿ ಕೇಳಿದ್ದಾರೆ. ಹೆಂಡತಿ ಒಪ್ಪಬೇಕು.

"ನಾನು ಕೇಳ್ಕೊಂಡು ಬರ್ತೀನಿ" ಅಂದೆ.

"ಕೇಳೋಕೆ ಮುಂಚೆ ಯಾಕೆ ಅಂತ ಹೇಳಬೇಕಪ್ಪ. ಪೂರ್ತಿ ಹೇಳಬೇಕು. ಅರ್ಧ ಹೇಳಿ ಒಪ್ಪಿಸಿದ್ರೆ ನಾನು ತಗೊಳಲ್ಲ."

ಪೂರ್ತಿ ಅಂದರೆ, ಬೆಚ್ಚಗಿನ ಜಾಗ ಕೊಟ್ಟ ಪುಣ್ಯಾತ್ಮ ಏನು ಕೊಟ್ಟ ಅನ್ನುವುದು.

ನವೆಂಬರ್ ೨೨

ಹೋಗಲಿಲ್ಲ. ಕೆಲಸ ಇತ್ತು.

ನವೆಂಬರ್ ೩೦

ಬಸ್ ನಿಲ್ದಾಣದ ತನಕ ಹೋಗಿ ವಾಪಸ್ ಬಂದೆ. "ಹೋಗ್ಬಾರೋ" ಅಂದಳು ಅಮ್ಮ. "ನಿಮ್ಮಪ್ಪ ಅಷ್ಟು ಜನರೆದುರು ಹೇಳ್ಲಿಲ್ವಾ? ನಿನಗೆ ಒಬ್ಬಳೆದುರು ಆಗಲ್ವಾ?"

ಡಿಸೆಂಬರ್ ೭

ಹೋಗಿ ಬಂದೆ.

ಚಳಿ ಜೋರಾಗಿತ್ತು. ಚಿಕ್ಕಮ್ಮ ಬಾಗಿಲು ತೆಗೆದು, "ಬಂದ್ಯಾ ಓಡಿ ಹೋದೋನೆ. ಅವತ್ತು ನಿನ್ನ ಟೀ ಚೆಲ್ಲಿದೆ ನಾನು" ಅಂದರು. ಅಪ್ಪ ಹೋದದ್ದು ಹೇಳಿದೆ. ಸೆರಗಿನಿಂದ ಕಣ್ಣು ಒರೆಸಿಕೊಂಡರು. "ಇಬ್ರೂ ಒಟ್ಟಿಗೆ ಕೂತು ನಗ್ತಿರಬಹುದು ಬಿಡು."

ನಾನು ಮತ್ತೆ ಅದೇ ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಕೂತಿದ್ದೆ. ಅಲ್ಲಿಂದಲೇ ಹೇಳಿದೆ. ಗುಂಡಿ, ಅದರಲ್ಲಿ ಏನೇನು ಸುಡುತ್ತಿದ್ದರು, ಗಾಳಿ ಯಾವ ಕಡೆ, ಹಾಸಿಗೆ ಎಲ್ಲಿ, ಅದನ್ನು ಕೊಟ್ಟವರು ಯಾರು. ಅಪ್ಪನ ರೋಗವೂ ಲಿವರಿನದೇ ಅಂತ ಹೇಳಿದೆ. ನಿಮ್ಮವರದು ಅದೇನಾ ಅಂತ ನೋಡಬಹುದು, ಕುಡಿತದ್ದು ಅಲ್ಲ ಅಂತ ಗೊತ್ತಾಗಬಹುದು, ಗೊತ್ತಾಗದೆಯೂ ಇರಬಹುದು, ವರ್ಷಗಳೇ ಆಗುತ್ತವೆ ಅಂದೆ. ಏನನ್ನೂ ಬಿಡಲಿಲ್ಲ.

ಅವರು ಒಲೆಯ ಮೇಲಿನ ಪಾತ್ರೆಯನ್ನೇ ನೋಡುತ್ತಿದ್ದರು. ನೀರು ಕುದಿಯುತ್ತಿತ್ತು, ಟೀ ಪುಡಿ ಹಾಕಿರಲಿಲ್ಲ.

"ನಿಮ್ಮಪ್ಪನಿಗೆ ಗೊತ್ತಿತ್ತಾ?"

"ಇಲ್ಲ ಚಿಕ್ಕಮ್ಮ. ಗೊತ್ತಾದ ಮೇಲೆ ನಿದ್ದೆ ಮಾಡ್ಲಿಲ್ಲ ಅವರು."

"ನಮ್ಮೋರಿಗೂ ಗೊತ್ತಿರಲಿಲ್ಲ." ಉರಿ ಸಣ್ಣ ಮಾಡಿದರು. "ಸಾಯೋ ಹಿಂದಿನ ದಿನಾನೂ ಆ ಜಾಗದ ಮಾತೇ. ಎಷ್ಟು ಬೆಚ್ಚಗಿತ್ತು ಗೊತ್ತೇನೇ ಅಂತ. ಬೆಚ್ಚಗಿತ್ತು. ಅದೊಂದು ಸುಳ್ಳಲ್ಲ, ಅಲ್ವಾ?"

"ಸುಳ್ಳಲ್ಲ."

"ನಿಮ್ಮಪ್ಪನ್ನ ಬೈಯ್ಯೋಣ ಅಂದ್ರೆ ಬಾಯಿ ಬರ್ತಿಲ್ಲ. ನಾಳೆ ಬಂದ್ರೂ ಬರಬಹುದು. ಬಂದ್ರೆ ನಿನಗೇ ಬೈತೀನಿ."

"ಬೈರಿ."

"ಆ ಮೇಣದ್ದು ತಗೊಳ್ಲಿ. ಕುಡುಕ ಅಲ್ಲ ಅಂತ ಗೊತ್ತಾದ್ರೆ ಮೊದಲು ಎದುರುಮನೆಯೋಳಿಗೆ ಹೇಳ್ಬೇಕು. ಅಷ್ಟು ದಿನ ಅವಳೂ ಇರ್ಬೇಕಲ್ಲ, ದರಿದ್ರದೋಳು."

ಜೇಬಿನಲ್ಲಿ ಫೋನ್ ಗುಂಯ್‌ಗುಟ್ಟಿತು, ಬಕೇಟು ಇರಬೇಕು. ತೆಗೆಯಲಿಲ್ಲ.

ಟೀ ಸೋಸಿ ಲೋಟ ಕೈಗೆ ಕೊಡಲು ಬಂದವರು ನಿಂತರು. ನನ್ನ ಬೆನ್ನ ಹಿಂದೆ ಬಾಗಿಲ ಸಂದಿಯಿಂದ ಗಾಳಿ ಬರುತ್ತಿತ್ತು. ಲೋಟ ಕೆಳಗಿಟ್ಟು, ಒಲೆಯ ಪಕ್ಕದ ಮಣೆಯನ್ನು ಸೆರಗಿನಿಂದ ಒರೆಸಿದರು. ಅದು ಯಾರು ಕೂರುತ್ತಿದ್ದ ಜಾಗ ಅಂತ ಹೇಳಬೇಕಾಗಿರಲಿಲ್ಲ.

"ಅಲ್ಲಿ ಯಾಕೆ ನಡುಗ್ತೀಯ ಮಗ. ಇಲ್ಲಿ ಬಾ. ಈ ಕಡೆ ಬೆಚ್ಚಗಿದೆ."

ಎದ್ದು ಹೋಗಿ ಅಲ್ಲಿ ಕೂತೆ. ಕೊನೆ ಬಸ್ಸಿನ ತನಕ ಕೂತಿದ್ದೆ.